ಅಜ್ಜಿಗೆ ಹಾಡದೆ ಹೋದ ಹಾಡು

"ಸುಳ್ಳುಬುರುಕಿ!" ಸ್ಕೂಲ್ ಬಸ್ಸಿನ ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿ ಕೆಂಡ್ರಾ ಕಿರುಚಿದಳು. "ವರ್ಲೀನ್ ಪ್ರೇಟರ್ ನಿನ್ನ ಅತ್ತೆನಾ? ಹಾಗಾದ್ರೆ ನಮ್ಮಮ್ಮ ಅಮೆರಿಕದ ಪ್ರೆಸಿಡೆಂಟು!"

ಬಸ್ಸಿಗೆ ಬಸ್ಸೇ ಗೊಳ್ಳೆಂದು ನಕ್ಕಿತು. ಟೆಸ್ಸಿಯ ಕಿವಿ ಕೆಂಪಾಯಿತು.

"ನಮ್ಮಪ್ಪನ ಸ್ವಂತ ತಂಗಿ ಕಣೇ!"

"ಮತ್ತೆ ರೇಡಿಯೋದಲ್ಲಿ ಬರ್ತಾಳೆ, ಟೀವೀಲಿ ಬರ್ತಾಳೆ, ನಿಮ್ಮನೆಗೆ ಮಾತ್ರ ಯಾಕೆ ಬರಲ್ಲ?"

ಅಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಟೆಸ್ಸಿಗೆ ರೋಷ ಉಕ್ಕಿಬಂತು. "ಬರ್ತಾಳೆ! ಈ ಭಾನುವಾರಾನೇ ಬರ್ತಾಳೆ, ನಮ್ಮ ಗುಡ್ಡದ ಮೇಲಿನ ಸಮಾಧಿಗಳ ಹತ್ರ. ಬೇಕಾದ್ರೆ ಬಂದು ನೋಡು!"

ಹೇಳಿದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು. ಮನೆಯವರು ಯಾರಿಗೂ ಹೇಳಬಾರದೆಂದು ಕಟ್ಟುನಿಟ್ಟಾಗಿ ಹೇಳಿದ್ದ ಮಾತು ಅದೊಂದೇ.

ಪ್ರತಿ ವರ್ಷ ಮೇ ತಿಂಗಳ ಕೊನೆಯ ಭಾನುವಾರ ಗುಡ್ಡದ ಜನರೆಲ್ಲ ತಮ್ಮ ತಮ್ಮವರ ಸಮಾಧಿಯ ಕಳೆ ಕಿತ್ತು, ಹೂವಿಟ್ಟು, ಹುಲ್ಲಿನ ಮೇಲೆ ಹಾಸು ಹಾಸಿ ಕರಿದ ಕೋಳಿ, ಜೋಳದ ಬ್ರೆಡ್ಡು ತಿನ್ನುತ್ತಾರೆ. ಆಮೇಲೆ ಹಾಡು. ಗಿಟಾರ್ ಇಲ್ಲ, ಮೈಕ್ ಇಲ್ಲ. ಒಬ್ಬರು ಒಂದು ಸಾಲು ಎತ್ತಿಕೊಡುತ್ತಾರೆ, ಉಳಿದವರು ಅದನ್ನೇ ಎಳೆದೆಳೆದು ಹಾಡುತ್ತಾರೆ. ಅಜ್ಜಿಯ ಸಮಾಧಿಯ ಮುಂದೆ ಸಾಲು ಎತ್ತಿಕೊಡುವವಳು ವರ್ಲೀನ್ ಅತ್ತೆ. ತಾತ ಆ ಕೆಲಸವನ್ನು ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಅತ್ತೆ ಹದಿನೇಳನೇ ವಯಸ್ಸಿಗೇ ಗಿಟಾರ್ ಹಿಡಿದು ನ್ಯಾಶ್‌ವಿಲ್‌ಗೆ ಹೋದವಳು. ಆರು ವರ್ಷ ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದಳು, ಸಂಜೆ ಕೇಳುವವರಿಲ್ಲದ ಕಡೆ ಹಾಡಿದಳು. ಆಮೇಲೆ ಅವಳ 'ಕಲ್ಲಿದ್ದಲ ಮಸಿ' ಹಾಡು ಊರೂರಿನ ರೇಡಿಯೋದಲ್ಲಿ ಬಂತು ನೋಡಿ, ಅಂದಿನಿಂದ ಊರೂರಿಗೆ ಹಾಡಲು ಹೋಗುವ ಬಸ್ಸೇ ಅವಳಿಗೆ ಮನೆ. ಅಜ್ಜಿ ತೀರಿಕೊಂಡಾಗ ಅವಳು ಟೆಕ್ಸಸ್‌ನಲ್ಲಿ ಸ್ಟೇಜಿನ ಮೇಲಿದ್ದಳು. ಪ್ರೋಗ್ರಾಂ ಮುಗಿದ ಮೇಲೇ ಸುದ್ದಿ ತಿಳಿದದ್ದು. ಅದಕ್ಕೇ ಆ ಒಂದು ಭಾನುವಾರದ ಹಗಲನ್ನು ಅವಳು ಯಾರಿಗೂ ಕೊಡುತ್ತಿರಲಿಲ್ಲ.

ಭಾನುವಾರ ಅತ್ತೆ ಹಳೇ ಟ್ರಕ್ಕಿನಲ್ಲಿ ಬಂದಳು. ಮಾಸಿದ ಪ್ಯಾಂಟು, ತಲೆಗೊಂದು ರಬ್ಬರ್ ಬ್ಯಾಂಡು. ಬಂದವಳೇ ಮಂಡಿಯೂರಿ ಅಜ್ಜಿಯ ಸಮಾಧಿಯ ಕಳೆ ಕೀಳತೊಡಗಿದಳು.

ಊಟದ ಹೊತ್ತಿಗೆ ಕೆಳಗಿನ ಮಣ್ಣು ರಸ್ತೆಯಲ್ಲಿ ಧೂಳೆದ್ದಿತು. ಒಂದು ಕಾರು, ಹತ್ತು ಕಾರು, ಆಮೇಲೆ ಲೆಕ್ಕವೇ ಸಿಗಲಿಲ್ಲ. ಮುಂದಿನ ಕಾರಿನಿಂದ ಕೆಂಡ್ರಾ ಇಳಿದು, "ಟೆಸ್ಸೀ, ನಿಜಾನೇ ಕಣೇ!" ಎಂದು ಕುಣಿದಳು.

"ವರ್ಲೀನ್! 'ಕಲ್ಲಿದ್ದಲ ಮಸಿ'! ಒಂದೇ ಒಂದ್ಸಲ!" ಯಾರೋ ಕೂಗಿದರು. ಎಲ್ಲರ ಫೋನುಗಳೂ ಮೇಲೆದ್ದವು. ನೂಕಾಟದಲ್ಲಿ ಅಜ್ಜಿಗಿಟ್ಟ ಹೂವು ಯಾರದೋ ಬೂಟಿನಡಿ ಸಿಕ್ಕಿತು.

"ಕಳಿಸಿಬಿಡಮ್ಮ ಅವರನ್ನ," ಎಂದ ತಾತ.

"ನಂಗೆ ಅನ್ನ ಹಾಕೋ ಜನ ಅಪ್ಪಾ. 'ಹೋಗಿ' ಅಂತ ಹೇಗೆ ಅನ್ಲಿ?"

ಅತ್ತೆ ಕೈಯ ಮಣ್ಣು ಒರೆಸಿಕೊಂಡು ಎದ್ದಳು, ನಕ್ಕಳು, ಹಾಡಿದಳು. ಒಂದು ಎರಡಾಯಿತು, ಎರಡು ನಾಲ್ಕಾಯಿತು. ಆಮೇಲೆ ಸಹಿಗೆ ಕ್ಯೂ ನಿಂತಿತು. ಸಂಜೆಗೆ ಅವಳು ಒಹಾಯೋದಲ್ಲಿ ಹಾಡಬೇಕಿತ್ತು. ಮೂರು ಗಂಟೆಗೆ ಹೊರಡದಿದ್ದರೆ ತಲುಪುವ ಹಾಗಿರಲಿಲ್ಲ.

ಟೆಸ್ಸಿಗೆ ತಡೆಯಲಾಗಲಿಲ್ಲ. ತಪ್ಪು ಒಪ್ಪಿಕೊಂಡೇಬಿಡೋಣವೆಂದು ಅವಳೂ ಕ್ಯೂನಲ್ಲಿ ನಿಂತಳು. ಅವಳ ಸರದಿ ಬಂತು. ಅತ್ತೆ ತಲೆ ಎತ್ತಲೇ ಇಲ್ಲ. ಪೆನ್ನು ಹಿಡಿದುಕೊಂಡೇ ಕೇಳಿದಳು, "ನಿನ್ನ ಹೆಸರೇನು ಪುಟ್ಟಾ?"

"ಅತ್ತೇ... ನಾನು, ಟೆಸ್ಸಿ."

ಅತ್ತೆ ಬೆಚ್ಚಿ ತಲೆ ಎತ್ತಿದಳು. "ಅಯ್ಯೋ, ನನ್ನ ಕಂದಾ!"

"ನಾನೇ ಹೇಳ್ಬಿಟ್ಟೆ ಅತ್ತೆ. ಬಸ್ಸಲ್ಲಿ. ಎಲ್ರೂ ಸುಳ್ಳುಬುರುಕಿ ಅಂದ್ರು, ಅದಕ್ಕೇ..."

ಅತ್ತೆ ಅವಳ ಕೆನ್ನೆ ಹಿಡಿದುಕೊಂಡಳು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತೇನೋ. "ಅಮ್ಮನ ಹತ್ರ ಇನ್ನೊಂದು ಅರ್ಧ ಗಂಟೆ ಕೂರ್ಬೇಕು ಅಂತಿದ್ದೆ ಕಣೇ," ಎಂದಳು ಮೆಲ್ಲಗೆ. ಅಷ್ಟರಲ್ಲಿ ಹಿಂದಿನವರು ಇಬ್ಬರ ನಡುವೆ ಒಂದು ಟೋಪಿ ತೂರಿಸಿದರು. ಅತ್ತೆ ಅದರ ಮೇಲೆ ಸಹಿ ಹಾಕಿದಳು.

ಮೂರು ಗಂಟೆಗೆ ಟ್ರಕ್ಕು ಇಳಿಜಾರಿನಲ್ಲಿ ಇಳಿದುಹೋಯಿತು. ಕಾರುಗಳೂ ಅದರ ಹಿಂದೆಯೇ ಹೋದವು.

ಮನೆಯವರು ಅಜ್ಜಿಯ ಸಮಾಧಿಯ ಸುತ್ತ ನಿಂತರು. ತಾತ ಟೋಪಿ ತೆಗೆದ. ಯಾರೂ ಸಾಲು ಎತ್ತಿಕೊಡಲಿಲ್ಲ. ಟೆಸ್ಸಿಗೆ ಮೊದಲ ಸಾಲು ಬಾಯಿಪಾಠ ಬರುತ್ತಿತ್ತು. ಆದರೂ ಅವಳು ಬಾಯಿ ತೆರೆಯಲಿಲ್ಲ. ಅತ್ತೆಯ ಒಂದು ದಿನವನ್ನು ತಾನು ಆಗಲೇ ಯಾರ‍್ಯಾರಿಗೋ ಹಂಚಿಬಿಟ್ಟಿದ್ದಳು. ಅತ್ತೆಯ ಪಾಲಿಗೆ ಉಳಿದಿದ್ದ ಆ ಸಾಲನ್ನೂ ಕಿತ್ತುಕೊಳ್ಳಲು ಮನಸ್ಸು ಬರಲಿಲ್ಲ.

ತಾತ ಸ್ವಲ್ಪ ಹೊತ್ತು ಕಾದ. ಆಮೇಲೆ ಟೋಪಿ ಹಾಕಿಕೊಂಡು ಟೆಸ್ಸಿಯ ಕೈ ಹಿಡಿದು ಗುಡ್ಡ ಇಳಿಯತೊಡಗಿದ.