ಮಂಗಳವಾರದ ಕತ್ರಿ

ಆತ ತಲೆ ಕೊಡಲಿಲ್ಲ.

ಕೇರಿಯ ಬೇವಿನ ಗಿಡದ ಕೆಳಗೆ ಹನ್ನೊಂದು ಮಂದಿ ಕೂತು, ಕೂದಲು ಕತ್ತರಿಸಿಕೊಂಡು ಎದ್ದಿದ್ದರು. ಹನ್ನೆರಡನೆಯವನು ಮಾತ್ರ ಗೋಡೆಗೆ ಒರಗಿ ನಿಂತೇ ಇದ್ದ. ಕಿವಿ ಮುಚ್ಚಿದ ಕೂದಲು, ಎರಡು ದಿನದ ಗಡ್ಡ. ಮಲ್ಲೇಶ್ವರಿ ಬಟ್ಟೆ ಝಾಡಿಸುತ್ತ ಕರೆದಳು.

"ನೀವೂ ಬರ್ರಿ. ತಲ್ಯಾಗ ಗುಬ್ಬಿ ಗೂಡು ಕಟ್ಟೇತಿ."

"ಇರ್ಲಿ ಬಿಡ್ರಿ. ಈ ಊರಾಗ ಗುಬ್ಬಿಗರ ಜಾಗ ಸಿಕ್ತಲ್ಲ."

ಹೆಂಗಸರು ನಕ್ಕರು. ಆತ ನಗಲಿಲ್ಲ. ಆದರೆ ಅವನ ನೋಟ ಒಂದು ಗಳಿಗೆ ಅವಳ ಬೆರಳುಗಳ ಮೇಲೆ ನಿಂತು, ಸುಟ್ಟುಕೊಂಡಂತೆ ಹಿಂದೆ ಸರಿಯಿತು. ಅದನ್ನು ಅವಳು ಕಂಡಳು. ಕಂಡದ್ದನ್ನು ಆತನೂ ಕಂಡ.

"ನನ್ನ ಮೊಮ್ಮಗ, ತಿರುಮಲೇಶ," ಅಂದಳು ಮಾರೆವ್ವ. "ಇಷ್ಟು ದಿನಾ ನೀ ಬಂದಾಗ ಮನ್ಯಾಗ ಇರತಿದ್ದಿಲ್ಲ. ಕಟಿಂಗ್ ಮಾಡಿಸ್ಕೊಳ್ಳಾಕ ಕುಷ್ಟಗಿ ಬಸ್ ಹತ್ತತಾನ. ನೀ ಮನಿ ಮುಂದ ಬಂದ್ರೂ ಒಲ್ಲೆ ಅಂತಾನ. ಹಟಮಾರಿ."

ಊರಲ್ಲಿರುವುದು ಒಂದೇ ಕಟಿಂಗ್ ಶಾಪು, ಮಲ್ಲೇಶ್ವರಿಯ ಅಪ್ಪ ಅಂದಪ್ಪನದು. ಅದರ ಹೊಸ್ತಿಲನ್ನು ದಲಿತ ಕೇರಿಯವರು ದಾಟುವಂತಿಲ್ಲ. ಹಾಗಂತ ಯಾರೂ ಬೋರ್ಡು ಬರೆಸಿಲ್ಲ. ಬರೆಸಬೇಕಾದಷ್ಟು ಮರೆವು ಈ ಊರಿಗಿಲ್ಲ. ಅಪ್ಪನ ಕೈ ನಡುಗತೊಡಗಿದ ಮೇಲೆ, ಗಂಗಾವತಿಯಲ್ಲಿ ಪಾರ್ಲರ್ ಕೆಲಸ ಕಲಿತು ಬಂದ ಮಗಳೇ ಕುರ್ಚಿಯ ಹಿಂದೆ ನಿಂತಳು. ಮೊದಲು ನಕ್ಕ ಗಂಡಸರು ಆಮೇಲೆ ಸುಮ್ಮನೆ ಬಂದು ಕೂತರು. ಕೇರಿಯವರು ಹೊರಗಿನಿಂದಲೇ ಕನ್ನಡಿ ಇಣುಕಿ ಹೋಗುವುದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. ನಾನೇ ಹೋಗಿ ಪುಕ್ಕಟೆ ಮಾಡಿ ಬರ್ತೀನಿ ಅಂದಳು. ಅಂಗಡಿ ಸೂಟಿ ಇರುವ ಮಂಗಳವಾರ ಚೀಲ ಹೆಗಲಿಗೇರಿಸಿಕೊಂಡು ವರ್ಷದಿಂದ ಬರುತ್ತಿದ್ದಳು. ಯಾರದೋ ಉಪಯೋಗಕ್ಕೆ ಬಂದೆನೆಂಬ ಖುಷಿಗೆ ಅವತ್ತು ರೊಟ್ಟಿ ಒಂದು ಹೆಚ್ಚೇ ಸೇರುತ್ತಿತ್ತು.

ಮುಂದಿನ ಮಂಗಳವಾರಗಳಲ್ಲಿ ತಿರುಮಲೇಶ ಕೂತವರ ಮುಂದೆ ಕೈಗನ್ನಡಿ ಹಿಡಿದು ನಿಲ್ಲತೊಡಗಿದ. ತಾನು ಮಾತ್ರ ಕೂರಲಿಲ್ಲ. ಕನ್ನಡಿಯ ಅಂಚಿನ ಮೇಲಿಂದ ಅವನ ಕಣ್ಣು ಮೂಡುತ್ತಿದ್ದವು, ಮುಳುಗುತ್ತಿದ್ದವು.

"ನೆಟ್ಟಗ ಹಿಡೀರಿ. ಕಾಕಾನ ಮುಖಾ ಬಿಟ್ಟು ಗಿಡಾ ಕಾಣಾಕತ್ತೈತಿ."

"ಕಾಕಾನ ಮುಖಕ್ಕಿಂತ ಗಿಡಾನ ಛಲೋ ಐತಲ್ರಿ."

ತಲೆ ಬಗ್ಗಿಸಿ ಕೂತಿದ್ದ ಹೊನ್ನೂರಪ್ಪ ಗೊಣಗಿದ. "ಲೇ ತಿರುಮಲ, ನೀ ನೋಡೋದು ಗಿಡಾನೂ ಅಲ್ಲ, ನನ್ನ ಮುಖಾನೂ ಅಲ್ಲ. ಕಿವಿ ಹೋದ್ರ ನನ್ನದ ಹೋಗತೈತಿ!"

ಅವಳ ಕೆನ್ನೆ ಬಿಸಿಯಾಯಿತು. ಆತ ಮೊದಲ ಸಲ ನಕ್ಕ. ಆ ನಗೆ ಮುಗಿಯುವ ಮುಂಚೆಯೇ ಅವನ ಮುಖ ಕಪ್ಪಿಟ್ಟಿತು.

ಎಲ್ಲರೂ ಹೋದ ಮೇಲೆ ಕೇಳಿದ, "ಸಿಟ್ಟಾಗಬ್ಯಾಡ್ರಿ. ಈ ಕತ್ರಿ ನಾಳೆ ಬುಧವಾರ ಅಂಗಡ್ಯಾಗ ಓಡತೈತೇನು?"

ಅವಳ ಕೈ ನಿಂತಿತು. ಕೇರಿಯ ಕತ್ರಿ ಬೇರೆ, ಬಾಚಣಿಕೆ ಬೇರೆ, ಬಟ್ಟೆ ಬೇರೆ. ಆ ಚೀಲವನ್ನು ಅಪ್ಪ ಹಿತ್ತಲ ಗೂಟಕ್ಕೇ ತೂಗುಹಾಕಿಸುತ್ತಿದ್ದ. ಮಂಗಳವಾರ ತಲೆಗೆ ಕತ್ರಿ ಹಚ್ಚಬಾರದು ಅನ್ನುವ ಊರು, ತನಗೆ ಬೇಡದ ಆ ದಿನವನ್ನೇ ಕೇರಿಗೆ ಬಿಟ್ಟುಕೊಟ್ಟಿತ್ತು. ಅವಳಿಗೆ ಎಲ್ಲ ಗೊತ್ತಿತ್ತು. ಒಂದರ ಪಕ್ಕ ಒಂದಿಟ್ಟು ನೋಡಿರಲಿಲ್ಲ, ಅಷ್ಟೇ.

"ನಾ ಒಳ್ಳೇದಾಗ್ಲಿ ಅಂತ ಬಂದೆ."

"ಗೊತ್ತೈತ್ರಿ. ಅದ ನನಗ ತ್ರಾಸು. ಕೆಟ್ಟವ್ರ ಜೋಡಿ ಜಗಳಾಡಾಕ ಬರತೈತಿ. ನಿಮ್ಮ ಜೋಡಿ ಬರವಲ್ದು."

ಕೇರಿಯವರನ್ನು ಒಳಗೆ ಬಿಡುವುದಿಲ್ಲವೆಂದು ಅಂಗಡಿಯ ಮೇಲೆ ದೂರು ಕೊಟ್ಟಿದ್ದೇನೆ, ಸೋಮವಾರ ಅಧಿಕಾರಿ ವಿಚಾರಣೆಗೆ ಬರುತ್ತಾನೆ ಎಂದೂ ಹೇಳಿದ.

ಸೋಮವಾರ ಊರಿನ ಕಟ್ಟೆ ತುಂಬಿತ್ತು. ಶಾಪಿನ ಜಾಗದ ಮಾಲಕ ಸಿದ್ದೇಶ ಶಾಲು, ಹಾರ ತರಿಸಿದ್ದ. "ಭೇದ ಎಲ್ಲೈತ್ರಿ ಸಾಹೇಬ್ರ? ನಮ್ಮೂರ ಹೆಣ್ಣುಮಗಳು ಕೇರಿಗೇ ಹೋಗಿ ಪುಕ್ಕಟೆ ಸೇವಾ ಮಾಡ್ತಾಳ. ಇಂಥಾ ಊರು ಇನ್ನೊಂದು ತೋರಸ್ರಿ!"

ಚಪ್ಪಾಳೆ ಬಿತ್ತು. ಅಧಿಕಾರಿ ದೂರಿನ ಹಾಳೆಯನ್ನು ಬೋರಲು ಹಾಕಿದ. ಅವಳ ಹೆಗಲಿಗೆ ಶಾಲು ಬಿತ್ತು. ವರ್ಷದ ದುಡಿಮೆ ಹೀಗೆ, ಬಾಗಿಲಿಗೆ ಹಾಕುವ ಚಿಲಕವಾಯಿತು.

ತಿರುಮಲೇಶನತ್ತ ನೋಡಿದಳು. ಆತ ಅವಳನ್ನು ನೋಡುತ್ತಿರಲಿಲ್ಲ. ಅವಳಿಗೆ ನಾಚಿಕೆಯಾಗದಿರಲೆಂದು ನೆಲ ನೋಡುತ್ತಿದ್ದ. ಅಷ್ಟು ಮರ್ಯಾದೆಯನ್ನು ಅವಳಿಗೆ ಯಾರೂ ಕೊಟ್ಟಿರಲಿಲ್ಲ.

ಶಾಲು ಮಡಚಿ ಮೇಜಿನ ಮೇಲಿಟ್ಟಳು.

"ಅವ್ರನ್ನ ನಮ್ಮಂಗಡಿಯೊಳಗ ಬಿಡಂಗಿಲ್ರಿ. ಅದಕ್ಕ ನಾ ಅಲ್ಲಿಗೆ ಹೋಗ್ತಿದ್ದೆ. ಕತ್ರಿ ಸೈತ ಬ್ಯಾರೆ ಇಟ್ಟೀನಿ. ತಪ್ಪು ನಂದೂ ಐತಿ. ಬರಕೊಳ್ರಿ."

ಅಧಿಕಾರಿ ಬಹಳ ಹೊತ್ತು ಪೆನ್ನು ಹುಡುಕಿ ಬರೆದುಕೊಂಡ.

ಬುಧವಾರದಿಂದ ಅಂಗಡಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ತಿಂಗಳು ಮುಗಿಯುವುದರೊಳಗೆ ಜಾಗ ಖಾಲಿ ಮಾಡ್ರಿ ಎಂದು ಸಿದ್ದೇಶ ಹೇಳಿಕಳಿಸಿದ. ಅಂದಪ್ಪ ಮಗಳನ್ನು ಬೈಯಲಿಲ್ಲ. "ನಲವತ್ತು ವರ್ಷ ಇವರ ಗದ್ದ ಹಿಡದೀನವ್ವ," ಅಂದ, ಖಾಲಿ ಬೀದಿ ನೋಡುತ್ತ. "ಒಬ್ಬನರ ಬಂದು, ಹೆಂಗದೀ ಅಂದಪ್ಪ ಅನ್ಲಿಲ್ಲ." ಕಾರಟಗಿಯ ತಂಗಿಯ ಮನೆಗೆ ಫೋನು ಹಚ್ಚಿದ.

ತಿಂಗಳ ಕೊನೆಯ ಗುರುವಾರ ಮಲ್ಲೇಶ್ವರಿ ಚೀಲವಿಲ್ಲದೆ ಕೇರಿಗೆ ಹೋದಳು. ತಿರುಮಲೇಶ ಎದ್ದು ನಿಂತ.

"ನಾಳೆ ಅಂಗಡಿ ತೆಗಿತೀನಿ. ನಾಡದು ಕಾರಟಗಿಗೆ ಸಾಮಾನು ಹೇರತಾರ. ಬರ್ತೀರೇನು?"

"ನನ್ನ ಹಟಕ್ಕ ನಿಮ್ಮ ಅನ್ನ ಹೋತು."

"ನಿಮ್ಮ ಹಟಕ್ಕಲ್ಲ. ಒಂದು ಕೆಲಸಾನರ ನಾ ನೆಟ್ಟಗ ಮಾಡಬೇಕಾಗೈತಿ."

"ಮಲ್ಲೇಶ್ವರಿ." ಆತ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ನಾನೂ ಕಾರಟಗಿಗೆ ಬಂದುಬಿಡ್ಲೇನು? ನಿನ್ನ ಬಿಟ್ಟು ಇಲ್ಲಿರೂದು ಆಗವಲ್ದು."

ಬಾ ಎನ್ನಲು ಅವಳ ಇಡೀ ಮೈ ಮುಂದೆ ಬಾಗಿತ್ತು. ಮಾತು ಬಾಗಲಿಲ್ಲ.

"ನನ್ನ ಜೀವ ಇಲ್ಲೇ ಇರತೈತಿ, ಅದು ನಿನಗೂ ಗೊತ್ತೈತಿ. ಆದ್ರ ನೀ ಬಂದ್ರ, ಈ ಊರಿನ ಮ್ಯಾಲೆ ಎರಡನೇ ದೂರು ಯಾರು ಕೊಡ್ತಾರ?"

ಇಬ್ಬರೂ ಅಳಲಿಲ್ಲ. ಮಾರೆವ್ವ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಶುಕ್ರವಾರ ಹತ್ತು ಗಂಟೆಗೆ ಆತ ಬೀದಿಯ ನಟ್ಟನಡುವೆ ನಡೆದು ಬಂದ. ಚಹಾದಂಗಡಿಯ ಮಾತು ನಿಂತಿತು. ಯಾರೂ ತಡೆಯಲಿಲ್ಲ, ಕೂತವರೆಲ್ಲ ಎದ್ದು ನಿಂತು ನೋಡಿದರು. ಹೊಸ್ತಿಲ ಹತ್ತಿರ ಅವನ ಕಾಲು ತಾವಾಗಿಯೇ ನಿಂತವು. ಇಪ್ಪತ್ತಾರು ವರ್ಷ ಅವಕ್ಕೆ ಕಲಿಸಿದ್ದು ಅದೇ ಪಾಠ. ಅಂದಪ್ಪ ನಡುಗುವ ಕೈಯಿಂದ ಕುರ್ಚಿ ಒರೆಸಿದ.

"ಬಾರಪಾ," ಅಂದ.

ಆತ ದಾಟಿ ಬಂದು ಕೂತ. ಬಟ್ಟೆ ಕಟ್ಟುವಾಗ ಅವಳ ಬೆರಳು ಅವನ ಕತ್ತಿಗೆ ತಾಕಿತು. ಆತ ಕಣ್ಣು ಮುಚ್ಚಿದ. ಹೊರಗೆ ಸಿದ್ದೇಶನ ಕಡೆಯವರ ಒಂದು ಬೈಕು ಬಂದು ನಿಂತಿತು. ಆಮೇಲೆ ಇನ್ನೊಂದು.

"ಹೆಂಗ ಕಟ್ ಮಾಡ್ಲಿ?" ಅಂದಳು. ಬಂದ ಗಿರಾಕಿಗಳಿಗೆಲ್ಲ ಕೇಳುವ ಮಾತು.

"ಸಾವಕಾಶ," ಅಂದ ಆತ.