ಓದುವ ಮನೆಯ ಮೂರು ಚಪ್ಪಡಿ

“ಕಲ್ಲಿನ ಮೇಲೆ ಯಾರಿಗಪ್ಪಾ ಇಷ್ಟು ದ್ವೇಷ?”

ಠಾಣೆಯ ಮೆಟ್ಟಿಲ ಮೇಲೆ ನಿಂತು ಮುಖ್ಯೋಪಾಧ್ಯಾಯ ಚಂದ್ರಶೇಖರಯ್ಯನವರು ಹೀಗೆ ಕೇಳಿದ್ದು ಒಳಗಿದ್ದ ಪೊಲೀಸರನ್ನಲ್ಲ, ಜೊತೆಗೆ ಬಂದವರನ್ನೂ ಅಲ್ಲ. ಎದುರಿಗೆ ಮಧುಗಿರಿಯ ಬೆಟ್ಟವಿತ್ತು. ಅದರ ಕಡೆ ಮುಖ ಮಾಡಿ ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಬಂದರು.

ಫೆಬ್ರವರಿ 17, ಸೋಮವಾರ, ಬೆಳಿಗ್ಗೆ 8.40. ಸಬ್ ಇನ್ಸ್‌ಪೆಕ್ಟರ್ ಮಧುಶ್ರೀ ಅವರನ್ನು ಕೂರಿಸಿ, ನೀರು ಕೊಡಿಸಿ, ದೂರು ಬರೆಸಿಕೊಂಡಳು. ದೊಡ್ಡೇರಿ ಹೋಬಳಿಯ ಗುಂಡುಕಲ್ಲಹಟ್ಟಿ ಶಾಲೆಯ ಆವರಣದಲ್ಲಿ ಹೊಸದಾಗಿ ಒಂದು ‘ಓದುವ ಮನೆ’ ಕಟ್ಟಿದ್ದಾರೆ. ಹಗಲು ಮಕ್ಕಳಿಗೆ, ಸಂಜೆ ಊರವರಿಗೆ. ಒಳಗೆ ಎಂಟಡಿ ಎತ್ತರದಲ್ಲಿ ಹದಿನಾಲ್ಕು ಕಲ್ಲುಚಪ್ಪಡಿ ಹಾಸಿ ಅಟ್ಟ ಮಾಡಿದ್ದಾರೆ. ದೊಡ್ಡ ಮಕ್ಕಳು ಅಟ್ಟದ ಮೇಲೆ ಕೂತು ಓದಬೇಕು, ಚಿಕ್ಕವರು ಅದರ ನೆರಳಲ್ಲಿ. ಭಾನುವಾರ ಯಾರೋ ಒಳಹೊಕ್ಕು ಮೂರು ಚಪ್ಪಡಿ ಒಡೆದು ಹಾಕಿದ್ದಾರೆ. ಶುಕ್ರವಾರ ಉದ್ಘಾಟನೆ. ಅಂದು ಅರವತ್ತು ಮಕ್ಕಳು ಅಟ್ಟದ ಮೇಲೆ ಕೂತು ಒಟ್ಟಿಗೆ ಓದಿ ತೋರಿಸುವುದೆಂದು ತೀರ್ಮಾನವಾಗಿತ್ತು.

9.30ಕ್ಕೆ ಎಫ್‌ಐಆರ್ ಆಯಿತು. ಸಾರ್ವಜನಿಕ ಆಸ್ತಿಗೆ ಹಾನಿ.

11.15ಕ್ಕೆ ಪಂಚನಾಮೆ. ಹೆಡ್ ಕಾನ್‌ಸ್ಟೇಬಲ್ ಕಲೀಮುಲ್ಲಾ ಅಳತೆ ಹೇಳುತ್ತಾ ಹೋದ, ಮಧುಶ್ರೀ ಬರೆದುಕೊಂಡಳು. ಪೂರ್ವದ ಗೋಡೆಯಿಂದ ಎಣಿಸಿದರೆ ಮೂರನೆಯದು, ಏಳನೆಯದು, ಹನ್ನೆರಡನೆಯದು ಮುರಿದು ಬಿದ್ದಿವೆ. ಮಿಕ್ಕ ಹನ್ನೊಂದಕ್ಕೆ ಒಂದು ಗೀರೂ ಇಲ್ಲ. ಬೀಗ ಒಡೆದಿಲ್ಲ. ಚಪ್ಪಡಿ ಬೀಳುವ ಜಾಗಗಳಲ್ಲಿ ಮರಳಿನ ಚೀಲ ಸಾಲಾಗಿ ಜೋಡಿಸಿದ್ದಾರೆ, ನೆಲ ಹಾಳಾಗಿಲ್ಲ. ಪುಸ್ತಕದ ಬೀರುಗಳಿಗೆ ಟಾರ್ಪಾಲು ಹೊದಿಸಿ ನಾಲ್ಕೂ ಮೂಲೆ ಕಟ್ಟಿದ್ದಾರೆ.

ಮಧುಶ್ರೀ ಆ ಗಂಟುಗಳನ್ನೇ ಸ್ವಲ್ಪ ಹೊತ್ತು ನೋಡಿದಳು. ಹಾಳು ಮಾಡಲು ಬಂದವನಿಗೆ ಪುಸ್ತಕದ ಮೇಲೆ ದೂಳು ಬೀಳಬಾರದು ಎಂಬ ಚಿಂತೆ ಯಾಕೆ?

ಹೊರಗೆ ಜನ ಸೇರಿದ್ದರು. ಅವರ ಬಾಯಲ್ಲಿ ಇದ್ದದ್ದು ಒಂದೇ ಹೆಸರು, ಚನ್ನಮಲ್ಲಯ್ಯ. ಕಟ್ಟಡಕ್ಕೆಂದು ಅವನ ಹಿತ್ತಿಲಿನ ಅರ್ಧ ಹೋಗಿತ್ತು. ಅಟ್ಟ ನಿಲ್ಲುವುದಿಲ್ಲ ಎಂದು ಡಿಸೆಂಬರಿನಲ್ಲಿ ಊರ ಮುಂದೆಯೇ ಕೂಗಿದ್ದ. ಕಲೀಮುಲ್ಲಾ ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ಬರುವಷ್ಟರಲ್ಲಿ ಇಬ್ಬರು ಅವನ ಅಂಗಿ ಹಿಡಿದು ಎಳೆದರು. ಅವನನ್ನು ಒಳಗೆ ಸೇರಿಸಿ ಬಾಗಿಲು ಹಾಕಬೇಕಾಯಿತು.

“ಅಂದಿದ್ದು ದಿಟ ಕಣಮ್ಮ, ಸಿಟ್ಟಲ್ಲಿ ಅಂದೆ” ಎಂದ ಚನ್ನಮಲ್ಲಯ್ಯ. “ಆದ್ರೆ ನಿನ್ನೆ ಎರಡು ಗಂಟೆಯಿಂದ ಐದು ಗಂಟೆ ತಂಕ ಗುಡೀಲಿ ಭಾರತ ಓದ್ತಿದ್ದೆ. ಮೈಕಲ್ಲಿ. ಇಡೀ ಊರು ಮುಂದೆ ಕೂತಿತ್ತು. ನನ್ನ ಅಂಗಿ ಹರಿದೋನೂ ಅಲ್ಲೇ ತೂಕಡಿಸ್ತಿದ್ದ, ಕೇಳಿ.”

ಸುತ್ತಿಗೆಯ ಸದ್ದು ಯಾರ ಕಿವಿಗೂ ಬೀಳದಿದ್ದದ್ದು ಯಾಕೆಂದು ಮಧುಶ್ರೀಗೆ ಗೊತ್ತಾಯಿತು.

“ಗುಡಿಗೆ ಬರದೇ ಇದ್ದವರು ಯಾರು?”

“ಹಾಸಿಗೆ ಹಿಡ್ದೋರು ಇಬ್ರು. ಆಮ್ಯಾಕೆ ಕಲ್ಲುಕೆಲಸದ ದೊಡ್ಡಹನುಮಯ್ಯ. ಮುಂಚೆ ಮುಂದಿನ ಸಾಲಲ್ಲಿ ಕೂತು ಪದಪದಕ್ಕೂ ಕಣ್ಣೊರೆಸ್ಕೊಳ್ಳೋನು. ಎರಡು ವರ್ಷದಿಂದ ಈ ಕಡೆ ತಲೆ ಹಾಕಿಲ್ಲ. ನಾನು ರಾಗ ಕೆಡಿಸ್ತೀನಿ ಅಂತಿರ್ಬೇಕು.”

ಮಧ್ಯಾಹ್ನ ಒಂದಕ್ಕೆ ಮೇಲಿನವರ ಫೋನು ಬಂತು. ಸಂಜೆಯೊಳಗೆ ಒಬ್ಬನನ್ನು ಹಿಡಿದಿರಬೇಕು, ಉದ್ಘಾಟನೆ ಮುಂದಕ್ಕೆ ಹೋಗಬಾರದು. ಫೋನಿಡುವಷ್ಟರಲ್ಲಿ ಚಂದ್ರಶೇಖರಯ್ಯನವರೂ ಬಂದು ನಿಂತರು. ಮುರಿದ ಮೂರು ಕಡೆ ಮರದ ಹಲಗೆ ಹಾಕಿಸುತ್ತೇನೆ, ಮಕ್ಕಳನ್ನು ಮಿಕ್ಕ ಹನ್ನೊಂದರ ಮೇಲೆ ಕೂರಿಸಿದರಾಯಿತು ಎಂದರು. ಮಧುಶ್ರೀ ಬಾಗಿಲಿಗೆ ಬೇರೆ ಬೀಗ ಹಾಕಿಸಿ ಬೀಗದ ಕೈ ತನ್ನ ಜೇಬಿಗೆ ಹಾಕಿಕೊಂಡಳು. ಈ ಮೂರನ್ನೇ ಯಾಕೆ ಒಡೆದರು ಎಂದು ತಿಳಿಯುವವರೆಗೆ ಒಂದು ಮಗುವೂ ಅಟ್ಟ ಹತ್ತಕೂಡದು.

ಅದನ್ನು ಕಂಡುಹಿಡಿದವನು ಕಲೀಮುಲ್ಲಾ. ಶಿರಾದಲ್ಲಿ ಅವನ ತಂದೆ ಒರಳುಕಲ್ಲಿನ ವ್ಯಾಪಾರ ಮಾಡಿದವರು. ಬಿದ್ದ ತುಂಡೊಂದನ್ನು ಬಿಸಿಲಿಗೆ ಹೊರಳಿಸಿ, ಒಡೆದ ಅಂಚು ತೋರಿಸಿದ. ಅರ್ಧ ಹೊಸ ಬಿಳುಪು. ಇನ್ನರ್ಧ ಕಂದು, ತುಕ್ಕಿನ ಬಣ್ಣ. ಉಳಿದ ಎರಡೂ ಹಾಗೆಯೇ.

“ಬಿಳಿ ಇರೋದು ನಿನ್ನೆ ಒಡೆದದ್ದು ಮೇಡಂ. ಕಂದು ಇರೋದು ಹಳೇ ಬಿರುಕು. ಗಣಿಯಿಂದಾನೇ ಬಂದಿದೆ. ಮೂರೂ ಕೆಟ್ಟ ಕಲ್ಲು.”

ಏಣಿ ಹಾಕಿ ಹತ್ತಿ, ಸಣ್ಣ ಸುತ್ತಿಗೆಯಿಂದ ಉಳಿದ ಹನ್ನೊಂದನ್ನೂ ಒಂದೊಂದಾಗಿ ಬಡಿದ. ಹನ್ನೊಂದೂ ಗಂಟೆಯ ಹಾಗೆ ಠಣ್ ಎಂದವು. ಬಿರುಕಿದ್ದಿದ್ದರೆ ಒಡಕು ಮಡಕೆ ಬಡಿದ ಹಾಗೆ ಮಂದ ಸದ್ದು ಬರುತ್ತಿತ್ತು ಎಂದ.

2.20ಕ್ಕೆ ಕಟ್ಟಡದ ನಕ್ಷೆ ಮಾಡಿದ ಬಿಂದುಶ್ರೀ ತುಮಕೂರಿನಿಂದ ಬಂದಳು. ಕಲ್ಲಿನ ಒಡೆದ ಅಂಚು ನೋಡಿ ನೆಲದ ಮೇಲೆಯೇ ಕೂತುಬಿಟ್ಟಳು. ಒಂದೊಂದರ ಮೇಲೂ ನಾಲ್ಕೈದು ಮಕ್ಕಳು, ಕೆಳಗೆ ಅಂಗನವಾಡಿಯ ಚಾಪೆ. ಅವಳ ಕಣ್ಣು ಮೇಲಿಂದ ಕೆಳಗೆ ಒಂದು ಸಲ ಇಳಿಯಿತು.

“ಕಲ್ಲು ಪರೀಕ್ಷೆ ಮಾಡಿದ್ದು ಯಾರು?” ಎಂದು ಮಧುಶ್ರೀ ಕೇಳಿದಳು.

“ದೊಡ್ಡಹನುಮಯ್ಯ. ಬಡಿದು, ಕಿವಿಯಿಟ್ಟು, ಸುಣ್ಣದ ಗುರುತು ಹಾಕ್ತಾರೆ. ಅವರ ಗುರುತಿಲ್ಲದ ಕಲ್ಲನ್ನ ನಾನೂ ಮುಟ್ಟಲ್ಲ, ಪಾವಗಡದಿಂದ ಕೊರಟಗೆರೆ ತನಕ ಯಾವ ಮೇಸ್ತ್ರಿಯೂ ಮುಟ್ಟಲ್ಲ.”

“ಬೀಗದ ಕೈ ಒಂದು ಮೇಷ್ಟ್ರ ಹತ್ರ. ಇನ್ನೊಂದು?”

“ಅವರ ಹತ್ರಾನೇ.”

4.30. ದೊಡ್ಡಹನುಮಯ್ಯ ಮನೆಯ ಹಿಂದೆ ಹೊಂಗೆಯ ನೆರಳಲ್ಲಿ ಕೂತು ಕಲ್ಲಿಗೆ ಉಳಿ ಹೊಡೆಯುತ್ತಿದ್ದ. ವಯಸ್ಸು ಅರವತ್ತಾರು. ಕಲೀಮುಲ್ಲಾ ಬೆನ್ನ ಹಿಂದಿನಿಂದ, “ತಾತ” ಎಂದ. ಮತ್ತೆ, “ಓ ತಾತ” ಎಂದ. ಮೂರನೆಯ ಸಲ ಜೋರಾಗಿಯೇ ಕರೆದ. ಉಳಿ ನಿಲ್ಲಲಿಲ್ಲ. ಹೆಂಡತಿ ಮುನಿಯಮ್ಮ ಒಳಗಿಂದ ಓಡಿಬಂದು ಅವನ ಭುಜ ಮುಟ್ಟಿದಳು.

ಆಮೇಲಿನ ಪ್ರಶ್ನೆಗಳಿಗೆಲ್ಲ ಮುನಿಯಮ್ಮನೇ ಮೊದಲು ಉತ್ತರ ಕೊಟ್ಟಳು. ಭಾನುವಾರ ಮೈ ಬೆಚ್ಚಗಿತ್ತು, ಮಲಗಿದ್ದರು, ಬೀಗದ ಕೈ ಗೂಟಕ್ಕೆ ನೇತು ಹಾಕಿತ್ತು. ಮುದುಕನ ಕಣ್ಣು ಮಾತ್ರ ಮಾತಾಡುವವರ ತುಟಿಯಿಂದ ತುಟಿಗೆ ಹಾರುತ್ತಿತ್ತು. ಗುಡಿಯಲ್ಲಿ ಭಾರತ ಕೇಳುವವರ ಮುಂದಿನ ಸಾಲಿನಲ್ಲಿ ಅವನು ಬಿಟ್ಟುಹೋದ ಜಾಗ ಮಧುಶ್ರೀಗೆ ನೆನಪಾಯಿತು. ಅವಳು ಕೈಲಿದ್ದ ಫೈಲನ್ನು ನಿಧಾನವಾಗಿ ಬಾಯಿಗೆ ಅಡ್ಡ ಹಿಡಿದಳು.

“ಎಷ್ಟು ವರ್ಷ ಆಯ್ತು ಕಿವಿ ಹೋಗಿ?”

ಮುದುಕ ಹೆಂಡತಿಯ ಕಡೆ ನೋಡಿದ. ಮುನಿಯಮ್ಮ ಈ ಸಲ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದಳು. ಅವಳ ಮುಖ ನೋಡಿದೊಡನೆ ಅವನು ಉಳಿಯನ್ನು ಕೆಳಗಿಟ್ಟ.

“ಎರಡೂವರೆ ವರ್ಷ ತಾಯಿ” ಎಂದ, ಏನು ಕೇಳಿರಬಹುದೆಂದು ತಿಳಿದವನ ಹಾಗೆ. “ನಾನೇ ಒಡೆದೆ.”

ಹೇಳಿಕೆ ದಾಖಲಾಯಿತು. ಕಿವಿ ಮಂದವಾದಾಗ ಸುತ್ತಿಗೆಯ ಹಿಡಿಯಲ್ಲಿ ಬರುವ ನಡುಕವೇ ಸಾಕೆಂದುಕೊಂಡಿದ್ದ. ಸುಮಾರು ಕಲ್ಲುಗಳ ವಿಷಯದಲ್ಲಿ ಸಾಕೂ ಆಗಿತ್ತು. ಉದ್ಘಾಟನೆಗೆಂದು ಶನಿವಾರ ಅಟ್ಟ ತೊಳೆಸಿದರು. ನೀರು ಆರಿತು. ಮೂರು ಚಪ್ಪಡಿಗಳ ಮೇಲೆ ಮಾತ್ರ ಕೂದಲೆಳೆಯಷ್ಟು ಸಪುರ ಒದ್ದೆ ಗೆರೆ ಆರದೆ ಉಳಿಯಿತು. ಬಿರುಕು ನೀರು ಕುಡಿದಿತ್ತು. ಮೂರಕ್ಕೂ ಅವನದೇ ಸುಣ್ಣದ ಗುರುತು.

“ಹೇಳಿಬಿಡಬಹುದಿತ್ತಲ್ಲ ಅಜ್ಜ” ಎಂದಳು ಮಧುಶ್ರೀ, ಈಗ ಅವನ ಎದುರಿಗೆ ಕೂತು.

“ಹೆಂಗೆ ಹೇಳ್ಲಿ? ನೀನು ಬಡಿದಾಗ ಕೇಳ್ಸಲಿಲ್ವಾ ಅಂತಾರೆ. ಒಡೆದ್ರೆ ಹೊಸ ಕಲ್ಲು ಬರ್ತದೆ, ಬೇರೆ ಯಾರ ಕೈಲಾದ್ರೂ ಬಡಿಸ್ಬಹುದು ಅಂದ್ಕಂಡೆ. ಮಕ್ಳು ಮೇಲೆ ಕೂರ್ಬಾರ್ದು, ಅಷ್ಟೆ.” ಅಂಗೈಗೆ ಮೆತ್ತಿದ್ದ ಕಲ್ಲಿನ ಪುಡಿ ಒರೆಸಿಕೊಂಡ. “ಭಾರತಕ್ಕೂ ಅದಕ್ಕೇ ಹೋಗಲ್ಲ. ಚನ್ನಮಲ್ಲಯ್ಯನ ಬಾಯಿ ಆಡೋದು ಕಾಣ್ತದೆ. ಪದ ಬರಾಕಿಲ್ಲ.”

ಸಂಜೆ 6.10ಕ್ಕೆ ದಸ್ತಗಿರಿ. ಮುನಿಯಮ್ಮನಿಗೆ ವಿಷಯ ತಿಳಿಸಿ ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತಿಸಿದರು. ಠಾಣೆಯಲ್ಲಿ ಕಲೀಮುಲ್ಲಾ ಅವನಿಗೆ ಟೀ ತರಿಸಿಕೊಟ್ಟ, ಬೆಳಿಗ್ಗೆ ವಕೀಲರು ಬಂದರೆ ಜಾಮೀನು ಕಷ್ಟವಾಗದು ಎಂದು ತುಟಿ ಅಗಲಿಸಿ ಬಿಡಿಸಿ ಬಿಡಿಸಿ ಹೇಳಿದ. ಮುದುಕ ಟೀ ಮುಟ್ಟಲಿಲ್ಲ.

“ತಾಯಿ, ಒಂದು ಮಾತು ನಡೆಸ್ಕೊಡಿ” ಎಂದ. “ಕುಡಿದು ಒಡೆದ ಅಂತ ಬರೀರಿ. ಹಗೆಗೆ ಒಡೆದ ಅಂತ ಬರೀರಿ. ಜೈಲಿಗೆ ಹೋಗ್ತೀನಿ, ಬೇಜಾರಿಲ್ಲ. ಕಿವಿ ವಿಷ್ಯ ಒಂದು ಬುಟ್ಬುಡಿ. ನಲವತ್ತು ವರ್ಷದ ಹೆಸರು ನಂದು.”

ಮಧುಶ್ರೀಯ ಪೆನ್ನು ನಿಂತಿತು. ಈ ಮನುಷ್ಯ ಮರಳಿನ ಚೀಲ ಹೊತ್ತು ಒಂದೊಂದಾಗಿ ಜೋಡಿಸಿದ್ದು, ಟಾರ್ಪಾಲಿನ ಮೂಲೆ ಕಟ್ಟಿದ್ದು ಅವಳ ಕಣ್ಣ ಮುಂದೆ ಬಂತು. ಒಂದು ಸಾಲು ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ.

“ಈ ಎರಡೂವರೆ ವರ್ಷದಲ್ಲಿ ಇನ್ನೆಲ್ಲೆಲ್ಲಿ ಗುರುತು ಹಾಕಿದ್ರಿ?”

ಅವನು ಬೆರಳು ಮಡಿಸುತ್ತಾ ಒಂದೊಂದೇ ಹೇಳಿದ. ತಾವರೆಕೆರೆ ಕಡೆ ಒಂದು ಸಮುದಾಯ ಭವನದ ಮೇಲಿನ ಸಾಲು. ಪಾವಗಡದ ಕಡೆ ಹೆಣ್ಣುಮಕ್ಕಳ ಹಾಸ್ಟೆಲಿನ ಮೆಟ್ಟಿಲು. ಸಿದ್ದರಬೆಟ್ಟದ ದಾರಿಯಲ್ಲಿ ಒಂದು ತಂಗುದಾಣದ ಮಾಡು. ಹೇಳುತ್ತಾ ಹೇಳುತ್ತಾ ಅವನ ದನಿ ಇಳಿಯಿತು. ಮೂರನ್ನೂ ಅವಳು ಬರೆದುಕೊಂಡಳು.

“ಬರೀಬೇಡಿ ತಾಯಿ” ಎಂದ ಮತ್ತೊಮ್ಮೆ, ಕೈ ಮುಗಿದು.

ಮಧುಶ್ರೀ ಕುರ್ಚಿಯನ್ನು ದೀಪದ ಕೆಳಗೆ ಎಳೆದುಕೊಂಡಳು, ತನ್ನ ತುಟಿ ಅವನಿಗೆ ಚೆನ್ನಾಗಿ ಕಾಣಲೆಂದು.

“ಆಗಲ್ಲ” ಎಂದಳು.