ಗುಂಡುಸೂಜಿ ಬಿಡದ ಕತ್ತರಿ

ಹುಡುಗಿ ಮಂಡಿಯೂರಿ ಕುಳಿತು, ದಾರ ಕಟ್ಟಿದ ಆಯಸ್ಕಾಂತವನ್ನು ನೆಲದ ಮೇಲೆ ಎಳೆಯುತ್ತಿದ್ದಳು. ಕೆಟ್ಟುಹೋದ ಸ್ಪೀಕರಿನಿಂದ ಬಿಚ್ಚಿ ತೆಗೆದ, ದಪ್ಪ ಬಳೆಯಂಥ ಆಯಸ್ಕಾಂತ. ಮೇಜಿನ ಕೆಳಗೆ, ಮಂಚದ ಕೆಳಗೆ, ಬಾಗಿಲ ಸಂದಿಯಲ್ಲಿ ಹೋದಲ್ಲೆಲ್ಲ ಗುಂಡುಸೂಜಿಗಳು ಟಿಕ್ ಟಿಕ್ ಎಂದು ಬಂದು ಅಂಟಿಕೊಂಡವು. ಅವಳು ಅವನ್ನು ಬಿಡಿಸಿ ಡಬ್ಬಿಗೆ ಹಾಕಿದಳು.

ಅಮ್ಮ ಮೇಜಿನ ಮೇಲೆ ಬಟ್ಟೆ ಹಾಸುತ್ತಿದ್ದಳು.

ಅಮ್ಮ ಟೈಲರ್. ಈ ವಾರವೆಲ್ಲ ಅಂಗಡಿಯವರು ಹೊಲಿಯಲು ಕೊಟ್ಟ ಬ್ಯಾಂಡ್‌ನವರ ಕೆಂಪು ಕೋಟುಗಳದೇ ಕೆಲಸ. ಅವುಗಳ ಒಳಗಿನ ಲೈನಿಂಗ್ ಬಟ್ಟೆ ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ಅದಕ್ಕೇ ಎಲ್ಲಿ ನೋಡಿದರೂ ಗುಂಡುಸೂಜಿ. ಮಗಳ ಯೂನಿಫಾರ್ಮಿನಲ್ಲೂ ಒಂದೆರಡು ಸಿಕ್ಕಿಕೊಂಡು ಶಾಲೆಗೆ ಹೋಗಿದ್ದವು. ಅವತ್ತಿನಿಂದ ಕ್ಲಾಸಿನಲ್ಲಿ ಅವಳ ಹೆಸರೇ ಗುಂಡುಸೂಜಿ.

ಅಮ್ಮ ದೊಡ್ಡ ಕತ್ತರಿ ಎತ್ತಿಕೊಂಡು ಲೈನಿಂಗ್ ಕತ್ತರಿಸತೊಡಗಿದಳು. ಕರ್... ಕರ್... ಇದ್ದಕ್ಕಿದ್ದಂತೆ ಕೈ ನಿಂತಿತು.

ಕತ್ತರಿಯ ಅಲಗಿಗೆ ಒಂದು ಸೂಜಿ ಅಂಟಿಕೊಂಡಿತ್ತು. ಅದು ಬಟ್ಟೆಯ ಮೇಲೆ ಗೀರಿಕೊಂಡೇ ಬಂದಿತ್ತು. ನುಣ್ಣಗಿನ ಲೈನಿಂಗ್‌ನಲ್ಲಿ ಉದ್ದಕ್ಕೆ ನೂಲು ಎದ್ದಿತ್ತು.

ಅಮ್ಮ ಆ ಸೂಜಿಯನ್ನು ಕಿತ್ತು ಮೇಜಿನ ಮೇಲಿಟ್ಟಳು. ಕತ್ತರಿ ಹತ್ತಿರ ಹೋದದ್ದೇ ತಡ, ಸೂಜಿ ಎಗರಿ ಮತ್ತೆ ಅಂಟಿಕೊಂಡಿತು.

"ಏನು ಮಾಡಿದೆಯೇ ಇದಕ್ಕೆ?"

ಗುಂಡುಸೂಜಿ ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಟ್ಟಳು. "ಉಕ್ಕನ್ನ ಆಯಸ್ಕಾಂತಕ್ಕೆ ಒಂದೇ ಕಡೆಗೆ ಉಜ್ಜಿದ್ರೆ ಅದೂ ಆಯಸ್ಕಾಂತ ಆಗುತ್ತೆ ಅಂತ ಮಿಸ್ ಹೇಳಿದ್ರು. ಬಿದ್ದಿದ್ದನ್ನ ಕತ್ತರಿನೇ ಎತ್ಕೊಂಡ್ರೆ ನೀನು ಬಗ್ಗೋದು ತಪ್ಪುತ್ತಲ್ಲ ಅಂತ..."

ಬೈಗುಳ ಬರುತ್ತದೆಂದು ಅವಳು ಕಾದಳು. ಬರಲಿಲ್ಲ. ಅಮ್ಮ ಸ್ಟೂಲಿನ ಮೇಲೆ ಕುಸಿದು ಕುಳಿತಳು.

"ಶನಿವಾರ ಕೋಟು ಕೊಡ್ಬೇಕು ಕಣೆ. ಕೊಡ್ಲಿಲ್ಲ ಅಂದ್ರೆ ಇನ್ಮೇಲೆ ಅಂಗಡಿಯವರು ನಮಗೆ ಕೆಲ್ಸ ಕೊಡಲ್ಲ. ಇರೋದೇ ಒಂದು ಒಳ್ಳೆ ಕತ್ತರಿ." ಕಣ್ಣು ಮುಚ್ಚಿಕೊಂಡಳು. "ಬೈಯೋಕೂ ತ್ರಾಣ ಇಲ್ಲ ನಂಗೆ."

ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಗುಂಡುಸೂಜಿಗೆ.

"ನಾಳೆ ಮಿಸ್ ಹತ್ರ ತಗೊಂಡು ಹೋಗ್ಲಾ ಅಮ್ಮ? ಅವ್ರಿಗೆ ಗೊತ್ತಿರುತ್ತೆ."

"ತಗೊಂಡು ಹೋಗು. ಕತ್ತರಿಸಿದ್ದಷ್ಟನ್ನ ನಾಳೆ ಹೊಲೀತೀನಿ. ಸಾಯಂಕಾಲಕ್ಕೆ ಸರಿಯಾಗಿ ಬೇಕು ನಂಗೆ."

ಮರುದಿನ ಕತ್ತರಿಯನ್ನು ಹಳೇ ಟವೆಲಿನಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ಇಟ್ಟುಕೊಂಡು ಹೋದಳು. ಸೈನ್ಸ್ ಮಿಸ್‌ಗೆ ನೆಗಡಿಯಾಗಿ ದನಿ ಕಟ್ಟಿತ್ತು. ಆದರೂ ಕಬ್ಬಿಣದ ಮೊಳೆಗೆ ತಾಮ್ರದ ತಂತಿ ಸುತ್ತಿ, ತಂತಿಯ ತುದಿಗಳನ್ನು ಸೆಲ್ಲಿಗೆ ಸೇರಿಸಿ, ಸ್ವಿಚ್ ಒತ್ತಿದರು. ಮೊಳೆ ಒಂದು ಗೊಂಚಲು ಸೂಜಿ ಎತ್ತಿತು. ಸ್ವಿಚ್ ಆಫ್ ಆಯಿತು. ಸೂಜಿಗಳೆಲ್ಲ ಝಲ್ಲೆಂದು ಉದುರಿದವು.

"ಇದು ವಿದ್ಯುತ್ಕಾಂತ. ಕರೆಂಟ್ ಇರೋವರೆಗೆ ಮಾತ್ರ ಆಯಸ್ಕಾಂತ," ಎಂದರು ಮಿಸ್.

"ಮೊಳೆ ನಮ್ಮ ಥರಾನೇ ಮಿಸ್," ಎಂದ ಮುಂದಿನ ಬೆಂಚಿನ ಸೋಡಾಬುಡ್ಡಿ, ಕನ್ನಡಕ ಏರಿಸಿಕೊಳ್ಳುತ್ತ. "ಬೆಲ್ ಆದ ತಕ್ಷಣ ಬ್ಯಾಗ್ ಹಾಕ್ಕೊಂಡು ಓಡುತ್ತೆ."

ಎಲ್ಲರೂ ನಕ್ಕರು. ಮಿಸ್ ಕೂಡ ಕೆಮ್ಮುತ್ತಲೇ ನಕ್ಕರು. "ಹೌದು ಕಣೋ. ಉಕ್ಕು ಹಾಗಲ್ಲ. ಬೆಲ್ ಆದ್ರೂ ಕ್ಲಾಸಲ್ಲೇ ಕೂತಿರುತ್ತೆ."

ಗುಂಡುಸೂಜಿ ನಗಲಿಲ್ಲ. ಕ್ಲಾಸ್ ಮುಗಿದ ಮೇಲೆ ಟವೆಲು ಬಿಚ್ಚಿ ತೋರಿಸಿದಳು.

ಮಿಸ್ ಕತ್ತರಿ ನೋಡಿದರು. ಗಡಿಯಾರ ನೋಡಿದರು. ನಿಟ್ಟುಸಿರು ಬಿಟ್ಟು, ಬೀರುವಿನಿಂದ ಒಂದು ದೊಡ್ಡ ಕಾಯಿಲ್ ತೆಗೆದರು. ತಂತಿ ಸುತ್ತಿ ಸುತ್ತಿ ಮಾಡಿದ, ನಡುವೆ ತೂತಿರುವ ಉರುಳೆ. ಅದಕ್ಕೆ ಜೋಡಿಸುವ ಕಬ್ಬಿಣದ ಪೆಟ್ಟಿಗೆಯೂ ಇತ್ತು. "ಇದನ್ನ ಮನೆ ಪ್ಲಗ್‌ಗೆ ಮಾತ್ರ ಹಾಕೋಕೆ ಹೋಗ್ಬೇಡ. ಶಾಕ್ ಹೊಡೆಯುತ್ತೆ. ಈ ಪೆಟ್ಟಿಗೆ ಇದ್ರೆ ಸ್ವಲ್ಪ ಕರೆಂಟ್ ಮಾತ್ರ ಬರೋದು."

ಸ್ವಿಚ್ ಹಾಕಿದಾಗ ಕಾಯಿಲ್ ಜೇನುಹುಳದಂತೆ ಗುಂಯ್‌ಗುಟ್ಟಿತು. ಮಿಸ್ ಹೇಳಿದಂತೆ ಗುಂಡುಸೂಜಿ ಹಿಡಿಯನ್ನು ಹಿಡಿದು, ಕತ್ತರಿಯನ್ನು ತೂತಿನೊಳಗೆ ತೂರಿಸಿದಳು. ಅದು ಅವಳ ಕೈಯಲ್ಲಿ ಸಣ್ಣಗೆ ನಡುಗಿತು. ಹೆದರಿ ಚಕ್ಕನೆ ಎಳೆದುಬಿಟ್ಟಳು.

ಸೂಜಿ ಹತ್ತಿರ ಹಿಡಿದರೆ, ಟಿಕ್. ಅಂಟಿತು.

"ಅವಸರ ಮಾಡಿದ್ರೆ ಆಯಸ್ಕಾಂತದ ಶಕ್ತಿ ಬಿಡಲ್ಲ," ಎಂದರು ಮಿಸ್. "ಒಳಗೆ ಕರೆಂಟ್ ಆ ಕಡೆ ಈ ಕಡೆ ತಿರುಗ್ತಾ ಇದೆ. ಕತ್ತರಿಯ ಶಕ್ತಿನೂ ಅದರ ಜೊತೆ ತಿರುಗುತ್ತೆ. ನೀನು ದೂರ ಎಳೆದಷ್ಟೂ ಒಂದೊಂದು ಸಲಕ್ಕೂ ಚೂರು ಚೂರೇ ಕಮ್ಮಿ ಆಗ್ತಾ ಬರುತ್ತೆ. ನಿಧಾನ. ಇನ್ನೂ ನಿಧಾನ."

ಗುಂಡುಸೂಜಿ ಉಸಿರು ಬಿಗಿಹಿಡಿದು ಎಳೆದಳು. ನಿದ್ದೆ ಹೋದ ಮಗುವಿನ ಕೆಳಗಿನಿಂದ ಕೈ ತೆಗೆಯುವ ಹಾಗೆ. ತೋಳು ಪೂರ್ತಿ ಚಾಚಿದ ಮೇಲೂ ಹಿಂದೆ ಹಿಂದೆ ಸರಿದು, ಬಾಗಿಲವರೆಗೂ ಹೋದಳು.

ಈ ಸಲ ಸೂಜಿ ಮೇಜಿನ ಮೇಲೇ ಮಲಗಿತ್ತು.

"ಥ್ಯಾಂಕ್ಯೂ ಮಿಸ್!"

"ಓಡ್ಬೇಡ, ಕೈಯಲ್ಲಿ ಕತ್ತರಿ ಇದೆ!" ಮಿಸ್‌ರ ಕಟ್ಟಿದ ದನಿ ಹಿಂದಿನಿಂದ ಕೇಳಿತು. ಅವಳು ನಿಂತು, ಅದನ್ನು ಟವೆಲಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡಳು.

ಮನೆಯ ಬಾಗಿಲು ಸುಮ್ಮನೆ ಮುಚ್ಚಿತ್ತು. "ಅಮ್ಮಾ, ಸರಿ ಹೋಯ್ತು!" ಎನ್ನುತ್ತ ನುಗ್ಗಿದವಳು ಅಲ್ಲೇ ನಿಂತಳು.

ಅಮ್ಮ ಮೆಷಿನ್ನಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಕೆಂಪು ಕೋಟಿನ ತೋಳೊಂದು ಅರ್ಧ ಹೊಲಿದು ಸೂಜಿಯ ಕೆಳಗೇ ಇತ್ತು. ಬಲಗಾಲು ಇನ್ನೂ ಪೆಡಲಿನ ಮೇಲಿತ್ತು. ನೇತುಬಿದ್ದ ಕೈಯ ಹೆಬ್ಬೆರಳೂ ಬೆರಳುಗಳೂ ಆಗಾಗ ಮೆಲ್ಲಗೆ ತೆರೆದು ಮುಚ್ಚುತ್ತಿದ್ದವು. ಕತ್ತರಿ ಇಲ್ಲದೇ ಕತ್ತರಿಸುತ್ತಿದ್ದಳು.

ಗುಂಡುಸೂಜಿ ಬಹಳ ಹೊತ್ತು ಆ ಬೆರಳುಗಳನ್ನೇ ನೋಡಿದಳು.

ಬ್ಯಾಗಿನಿಂದ ಕತ್ತರಿಯನ್ನು ಅರ್ಧ ತೆಗೆದವಳು ಮತ್ತೆ ಒಳಗೆ ಇಟ್ಟಳು. ಕಣ್ಣು ಬಿಟ್ಟಾಗ ಕತ್ತರಿ ಕಂಡರೆ ಅಮ್ಮ ಮುಖ ಕೂಡ ತೊಳೆಯದೆ ಬಟ್ಟೆ ಎಳೆದುಕೊಳ್ಳುತ್ತಾಳೆ. ಸಾಯಂಕಾಲ ಆಗಲು ಇನ್ನೂ ಸ್ವಲ್ಪ ಹೊತ್ತಿತ್ತು.

ನೆಲದ ಮೇಲೆ ಕುಳಿತು, ಎರಡೂ ಕೈಯಲ್ಲಿ ಅಮ್ಮನ ಪಾದ ಹಿಡಿದಳು. ಮೆಲ್ಲಗೆ, ಇನ್ನೂ ಮೆಲ್ಲಗೆ, ಪೆಡಲಿನಿಂದ ಅದನ್ನು ಕೆಳಗಿಳಿಸಿದಳು.

"ಅಮ್ಮ," ಎಂದಳು, ತನಗಷ್ಟೇ ಕೇಳಿಸುವಷ್ಟು ಸಣ್ಣ ದನಿಯಲ್ಲಿ. "ಎದ್ದು ಮಂಚದ ಮೇಲೆ ಮಲಗು."